ಒಂದು ಮನೆ ಕಾದ ಚಿನ್ನ: ಒಕ್ಸಾನಾ ಬಯೂಲ್ ಅವರ ಹದಿಮೂರು ತಿಂಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ದೃಶ್ಯಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೂರು ಹೆಸರುಗಳಿಂದ ಆರಂಭಿಸುತ್ತೇನೆ. ಒಕ್ಸಾನಾ ಬಯೂಲ್ 1977ರಲ್ಲಿ ಉಕ್ರೇನಿನ ದ್ನಿಪ್ರೊಪೆಟ್ರೋವ್ಸ್ಕ್ ನಗರದಲ್ಲಿ ಹುಟ್ಟಿದರು. ಅಲಿಯೋನಾ ಸಾವ್‌ಚೆಂಕೊ 1984ರಲ್ಲಿ, ಕೀವ್‌ಗೆ ಹತ್ತಿರದ ಒಬುಖಿವ್‌ನಲ್ಲಿ. ತತಿಯಾನಾ ವೊಲೊಸೊಝಾರ್ 1986ರಲ್ಲಿ, ಮತ್ತೆ ಅದೇ ದ್ನಿಪ್ರೊಪೆಟ್ರೋವ್ಸ್ಕ್‌ನಲ್ಲಿ. ಮೂವರೂ ಫಿಗರ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ವೊಲೊಸೊಝಾರ್ 2014ರಲ್ಲಿ ಸೋಚಿಯಲ್ಲಿ ಗೆದ್ದಾಗ ಮೇಲೇರಿದ್ದು ರಷ್ಯಾದ ಬಾವುಟ. ಸಾವ್‌ಚೆಂಕೊ 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಗೆದ್ದಾಗ ಮೇಲೇರಿದ್ದು ಜರ್ಮನಿಯ ಬಾವುಟ. ಈ ಇಬ್ಬರೂ ಬೇರೆ ಬೇರೆ ವರ್ಷಗಳಲ್ಲಿ ಉಕ್ರೇನಿಗಾಗಿ ಒಬ್ಬನೇ ಜೊತೆಗಾರನೊಂದಿಗೆ, ಸ್ತಾನಿಸ್ಲಾವ್ ಮೊರೊಜೊವ್ ಜೊತೆ, ಆಡಿದವರು. ಆಮೇಲೆ ದೇಶ ಬಿಟ್ಟು ಹೋದವರು.

ಫಿಗರ್ ಸ್ಕೇಟಿಂಗ್ ಚಿನ್ನಕ್ಕಾಗಿ ಉಕ್ರೇನಿನ ನೀಲಿ ಹಳದಿ ಬಾವುಟ ಒಲಿಂಪಿಕ್ಸ್‌ನಲ್ಲಿ ಏರಿದ್ದು ಒಂದೇ ಒಂದು ಸಲ, 1994ರ ಫೆಬ್ರುವರಿ 25ರಂದು. ಗೆದ್ದವಳು ಒಕ್ಸಾನಾ. ಆಗ ಅವಳಿಗೆ ಹದಿನಾರು ವರ್ಷ. ಒಳ್ಳೆಯ ಸ್ಕೇಟರ್‌ಗಳನ್ನು ಹುಟ್ಟಿಸುತ್ತಲೇ ಇದ್ದ, ಅವರನ್ನು ಉಳಿಸಿಕೊಳ್ಳಲಾಗದ ದೇಶದಲ್ಲಿ ಈ ಒಬ್ಬಳು ಹುಡುಗಿ ಮಾತ್ರ ಗೆಲುವಿನವರೆಗೆ ಉಳಿದದ್ದು ಹೇಗೆ? ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅವಳನ್ನು ಉಳಿಸಿದ್ದು ಸರ್ಕಾರವಲ್ಲ, ಕ್ರೀಡಾ ಇಲಾಖೆಯಲ್ಲ, ಒಡೆಸ್ಸಾದ ಒಂದು ಮನೆ.

ಒಕ್ಸಾನಾ ಬಗ್ಗೆ ಎಲ್ಲಿ ಓದಿದರೂ ಮೊದಲು ಸಿಗುವುದು ಅನಾಥ ಹುಡುಗಿಯ ಕಥೆ. ಕಥೆ ಸುಳ್ಳಲ್ಲ. ಆದರೆ ಆ ಕಥೆಯನ್ನು ಹೇಳುವ ಭರದಲ್ಲಿ ಅವಳು ಮಂಜಿನ ಮೇಲೆ ಏನು ಮಾಡುತ್ತಿದ್ದಳು ಎಂಬುದೇ ಮರೆತುಹೋಗುತ್ತದೆ. ಕರುಣೆಯಿಂದ ಯಾರೂ ಒಂಬತ್ತು ತೀರ್ಪುಗಾರರಲ್ಲಿ ಐವರನ್ನು ಗೆಲ್ಲುವುದಿಲ್ಲ. ಆದ್ದರಿಂದ ಬಾಲ್ಯವನ್ನು ಬೇಗ ಮುಗಿಸುತ್ತೇನೆ, ಸ್ಕೇಟಿಂಗ್‌ಗೆ ಹೆಚ್ಚು ಹೊತ್ತು ಕೊಡುತ್ತೇನೆ.

ದ್ನಿಪ್ರೊಪೆಟ್ರೋವ್ಸ್ಕ್ ಸೋವಿಯತ್ ಕಾಲದಲ್ಲಿ ಮುಚ್ಚಿದ ನಗರ. ಅಲ್ಲಿನ ಯುಜ್ಮಾಶ್ ಕಾರ್ಖಾನೆಯಲ್ಲಿ ಕ್ಷಿಪಣಿಗಳು ತಯಾರಾಗುತ್ತಿದ್ದುದರಿಂದ 1987ರವರೆಗೆ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ಒಕ್ಸಾನಾಗೆ ಎರಡು ವರ್ಷವಾಗಿದ್ದಾಗ ತಂದೆ ತಾಯಿ ಬೇರೆಯಾದರು. ತಾಯಿ ಮರೀನಾ ಫ್ರೆಂಚ್ ಭಾಷೆ ಕಲಿಸುತ್ತಿದ್ದರು. ಮಗುವನ್ನು ಬೆಳೆಸಿದ್ದು ತಾಯಿ ಮತ್ತು ಅಜ್ಜ ಅಜ್ಜಿ. ಬ್ಯಾಲೆ ಕಲಿಯಬೇಕೆಂಬುದು ಮನೆಯವರ ಆಸೆ, ಮೈ ಇಳಿಯಲಿ ಎಂದು ಸ್ಕೇಟಿಂಗ್‌ಗೆ ಹಾಕಿದ್ದು. ಸ್ತಾನಿಸ್ಲಾವ್ ಕೊರಿಟೆಕ್ ಎಂಬ ತರಬೇತುದಾರರ ಕೈಗೆ ಅವಳು ಬಂದಾಗ ಇನ್ನೂ ಶಾಲೆಗೆ ಸೇರುವ ವಯಸ್ಸು.

ಅಜ್ಜ 1987ರಲ್ಲಿ ಹೋದರು, ಅಜ್ಜಿ 1988ರಲ್ಲಿ. 1991ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ತಾಯಿಯೂ ತೀರಿಕೊಂಡರು. ಅದೇ ತಿಂಗಳ 24ರಂದು ಉಕ್ರೇನ್ ತನ್ನ ಸ್ವಾತಂತ್ರ್ಯವನ್ನು ಘೋಷಿಸಿತು. ಹದಿಮೂರು ವರ್ಷದ ಹುಡುಗಿಗೆ ಒಂದೇ ತಿಂಗಳಲ್ಲಿ ಮನೆಯೂ ಹೋಯಿತು, ಅವಳ ಕ್ರೀಡೆಗೆ ಹಣ ಕೊಡುತ್ತಿದ್ದ ದೇಶವೂ ಹೋಯಿತು. ಮುಂದಿನ ವರ್ಷ ಕೊರಿಟೆಕ್ ಕೆನಡಾದಲ್ಲಿ ಕೆಲಸ ಹಿಡಿದು ಹೊರಟರು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಸಂಬಳ ನಿಂತುಹೋದ ನೂರಾರು ತರಬೇತುದಾರರು ಅದೇ ದಾರಿ ಹಿಡಿದರು. ಅಮೆರಿಕ ಮತ್ತು ಕೆನಡಾದ ರಿಂಕ್‌ಗಳಲ್ಲಿ ಇಂದಿಗೂ ರಷ್ಯನ್ ಮಾತು ಕೇಳಿಸುವುದು ಆ ವಲಸೆಯಿಂದಲೇ.

ಈಗ ಒಡೆಸ್ಸಾಗೆ ಬರೋಣ.

ಕಪ್ಪು ಸಮುದ್ರದ ದಡದ ಆ ಬಂದರು ನಗರದಲ್ಲಿ ಗಲೀನಾ ಜ್ಮಿಯೆವ್‌ಸ್ಕಾಯಾ ಎಂಬ ತರಬೇತುದಾರ್ತಿ ಇದ್ದರು. ಒಂಬತ್ತು ವರ್ಷದ ಹುಡುಗನಾಗಿ ಅವರ ಬಳಿ ಬಂದ ವಿಕ್ಟರ್ ಪೆಟ್ರೆಂಕೊ 1988ರಲ್ಲಿ ಕ್ಯಾಲ್ಗರಿಯಲ್ಲಿ ಕಂಚು ಗೆದ್ದು, 1992ರಲ್ಲಿ ಆಲ್ಬರ್ಟ್‌ವಿಲ್‌ನಲ್ಲಿ ಒಲಿಂಪಿಕ್ ಚಾಂಪಿಯನ್ ಆಗಿದ್ದ. ಆ ಚಿನ್ನವೂ ಉಕ್ರೇನಿನ ಹೆಸರಿಗೆ ಬರಲಿಲ್ಲ. ಹಳೆಯ ಸೋವಿಯತ್ ಗಣರಾಜ್ಯಗಳಲ್ಲಿ ಕೆಲವು ಆ ಸಲ 'ಸಂಯುಕ್ತ ತಂಡ'ವಾಗಿ ಸ್ಪರ್ಧಿಸಿದ್ದವು. ಪೆಟ್ರೆಂಕೊ ವೇದಿಕೆಯ ಮೇಲೆ ನಿಂತಾಗ ಏರಿದ್ದು ಒಲಿಂಪಿಕ್ ಬಾವುಟ, ಕೇಳಿಸಿದ್ದು ಒಲಿಂಪಿಕ್ ಗೀತೆ. ಅದೇ ವರ್ಷ ಅವರು ಜ್ಮಿಯೆವ್‌ಸ್ಕಾಯಾ ಅವರ ಹಿರಿಯ ಮಗಳು ನೀನಾಳನ್ನು ಮದುವೆಯಾದರು.

ತರಬೇತುದಾರನಿಲ್ಲದ, ಮನೆಯಿಲ್ಲದ ಒಕ್ಸಾನಾಳನ್ನು ಸೇರಿಸಿಕೊಳ್ಳುವಂತೆ ಅತ್ತೆಯ ಮನವೊಲಿಸಿದವರು ಪೆಟ್ರೆಂಕೊ. ಅವಳ ಸ್ಕೇಟ್‌ಗೆ, ಉಡುಪಿಗೆ, ಓಡಾಟಕ್ಕೆ ತಮ್ಮ ಗಳಿಕೆಯಿಂದ ಹಣ ಕೊಟ್ಟವರೂ ಅವರೇ. ಜ್ಮಿಯೆವ್‌ಸ್ಕಾಯಾ ಅವಳನ್ನು ತಮ್ಮ ಚಿಕ್ಕ ಮನೆಗೇ ಕರೆತಂದರು. ಕಿರಿಯ ಮಗಳ ಕೋಣೆಯಲ್ಲಿ ಅವಳಿಗೂ ಒಂದು ಹಾಸಿಗೆ ಬಿತ್ತು. ತರಬೇತುದಾರ್ತಿಯೇ ಅಡುಗೆ ಮಾಡಿ ಬಡಿಸುವವರು, ಅವರೇ ಗದರುವವರು, ರಿಂಕ್‌ನಲ್ಲಿ ಬಿದ್ದರೆ ಎಬ್ಬಿಸುವವರೂ ಅವರೇ. ಹೊಸ ದೇಶದ ಬೊಕ್ಕಸ ಬರಿದಾಗಿದ್ದ ಆ ದಿನಗಳಲ್ಲಿ, ಐಸ್ ಹದವಾಗಿಡಲೂ ಪರದಾಡಬೇಕಾಗಿದ್ದ ರಿಂಕ್‌ನಲ್ಲಿ, ಒಬ್ಬ ಮಹಿಳೆ ಮತ್ತು ಆಕೆಯ ಅಳಿಯ ಸೇರಿ ಒಂದು ರಾಷ್ಟ್ರೀಯ ಕ್ರೀಡಾ ಇಲಾಖೆಯ ಕೆಲಸ ಮಾಡಿದರು.

ಒಕ್ಸಾನಾ ಹಿರಿಯರ ಮಟ್ಟದ ದೊಡ್ಡ ಸ್ಪರ್ಧೆಗೆ ಮೊದಲು ಇಳಿದದ್ದು 1993ರ ಜನವರಿಯಲ್ಲಿ, ಹೆಲ್ಸಿಂಕಿಯ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ. ಯಾರೂ ಕೇಳಿರದ ಹೆಸರು, ಫ್ರಾನ್ಸಿನ ಸೂರ್ಯಾ ಬೊನಾಲಿಯ ಹಿಂದೆ ಬೆಳ್ಳಿ. ಅದೇ ಸ್ಪರ್ಧೆಯಲ್ಲಿ ಪುರುಷರ ಚಿನ್ನ ಉಕ್ರೇನಿನವರೇ ಆದ ದ್ಮಿತ್ರೊ ದ್ಮಿತ್ರೆಂಕೊ ಪಾಲಾಯಿತು. ಹೊಸ ದೇಶದ ಕ್ರೀಡಾಪಟುಗಳು ಹಳೆಯ ವ್ಯವಸ್ಥೆಯ ಕೊನೆಯ ಫಸಲನ್ನು ಆಗ ಕೊಯ್ಯುತ್ತಿದ್ದರು. ಎರಡು ತಿಂಗಳ ನಂತರ, ಮಾರ್ಚ್‌ನಲ್ಲಿ, ಪ್ರಾಗ್‌ನ ವಿಶ್ವ ಚಾಂಪಿಯನ್‌ಷಿಪ್. ಬೆನ್ನುನೋವಿನೊಂದಿಗೆ ಬಂದ ಹದಿನೈದು ವರ್ಷದ ಒಕ್ಸಾನಾ ವಿಶ್ವ ಚಾಂಪಿಯನ್ ಆದಳು. ಎರಡನೆಯವಳು ಬೊನಾಲಿ, ಮೂರನೆಯವಳು ಚೀನಾದ ಚೆನ್ ಲು. ಮೊದಲ ಸುತ್ತಾದ ಕಿರು ಪ್ರದರ್ಶನದಲ್ಲಿ ಮೊದಲಿದ್ದ ಅಮೆರಿಕದ ನ್ಯಾನ್ಸಿ ಕೆರಿಗನ್ ಎರಡನೇ ಸುತ್ತಾದ ಮುಕ್ತ ಪ್ರದರ್ಶನದಲ್ಲಿ ಕುಸಿದು ಐದನೆಯ ಸ್ಥಾನಕ್ಕೆ ಇಳಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1994ರ ಜನವರಿಯಲ್ಲಿ ಕೋಪನ್‌ಹೇಗನ್‌ನಲ್ಲಿ ಮತ್ತೆ ಬೊನಾಲಿಯ ಹಿಂದೆ ಬೆಳ್ಳಿ. ಫೆಬ್ರುವರಿಯಲ್ಲಿ ಒಲಿಂಪಿಕ್ಸ್. ನಾಲ್ಕು ದೊಡ್ಡ ಸ್ಪರ್ಧೆಗಳು, ಹದಿಮೂರು ತಿಂಗಳು. ಒಕ್ಸಾನಾ ಬಯೂಲ್ ಅವರ ಸ್ಪರ್ಧಾ ಜೀವನದ ಮುಖ್ಯ ಭಾಗವೆಲ್ಲ ಇಷ್ಟೇ. ಹತ್ತು ವರ್ಷ ಸ್ಪರ್ಧಿಸಿ ಒಂದು ಪದಕವೂ ಕಾಣದ ಪ್ರತಿಭಾವಂತರು ಈ ಕ್ರೀಡೆಯಲ್ಲಿ ತುಂಬಾ ಜನ ಇದ್ದಾರೆ.

ಹಾಗಾದರೆ ಅವಳಲ್ಲಿ ಇದ್ದದ್ದೇನು?

ಫಿಗರ್ ಸ್ಕೇಟ್‌ನ ಬ್ಲೇಡ್ ಸುಮಾರು ನಾಲ್ಕು ಮಿಲಿಮೀಟರ್ ದಪ್ಪ. ಅದರ ಕೆಳಭಾಗ ಚಪ್ಪಟೆಯಲ್ಲ, ನಡುವೆ ಸಣ್ಣ ತಗ್ಗು. ಆ ತಗ್ಗಿನ ಎರಡೂ ಬದಿಗೆ ಎರಡು ಅಂಚುಗಳು, ಒಳ ಅಂಚು ಮತ್ತು ಹೊರ ಅಂಚು. ಮುಂಭಾಗದಲ್ಲಿ ಹಲ್ಲುಗಳಿರುತ್ತವೆ. ಜಿಗಿತಗಳ ಹೆಸರೆಲ್ಲ ಯಾವ ಅಂಚಿನಿಂದ ಹಾರಿದರು, ಹಲ್ಲು ಊರಿದರೋ ಇಲ್ಲವೋ ಎಂಬುದರ ಮೇಲೆ ನಿಂತಿವೆ. ಹಿಂದಕ್ಕೆ ಚಲಿಸುತ್ತ ಹೊರ ಅಂಚಿನ ಮೇಲೆ ವಾಲಿ, ಆ ವಾಲಿಕೆಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದು ಲುಟ್ಜ್. ಅದಕ್ಕೇ ಅದು ಕಷ್ಟ. ಮುಂದಕ್ಕೆ ನೋಡುತ್ತ ಹಾರುವ ಏಕೈಕ ಜಿಗಿತ ಆಕ್ಸೆಲ್. ಹಿಂದಕ್ಕೆ ಇಳಿಯಬೇಕಾದುದರಿಂದ ಅದರಲ್ಲಿ ಯಾವಾಗಲೂ ಅರ್ಧ ಸುತ್ತು ಹೆಚ್ಚು. ಒಕ್ಸಾನಾ ಟ್ರಿಪಲ್ ಲುಟ್ಜ್, ಅಂದರೆ ಗಾಳಿಯಲ್ಲಿ ಮೂರು ಸುತ್ತಿನ ಲುಟ್ಜ್, ಮಾಡುತ್ತಿದ್ದಳು, ಒಳ ಅಂಚಿನಿಂದ ಹಾರುವ ಟ್ರಿಪಲ್ ಫ್ಲಿಪ್ ಮಾಡುತ್ತಿದ್ದಳು. ಆದರೆ ಆ ಕಾಲಕ್ಕೆ ಅದೇನೂ ಅದ್ಭುತವಲ್ಲ. ಬೊನಾಲಿ ಆಗಲೇ ನಾಲ್ಕು ಸುತ್ತಿನ ಜಿಗಿತಕ್ಕೆ ಕೈ ಹಾಕಿದ್ದರು. ಕೆರಿಗನ್ ಎರಡು ಟ್ರಿಪಲ್‌ಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸುತ್ತಿದ್ದರು. ಒಕ್ಸಾನಾಳ ಬಳಿ ಅಂತಹ ಜೋಡಿ ಇರಲಿಲ್ಲ.

ಅವಳ ಶಕ್ತಿ ಜಿಗಿತಗಳ ನಡುವಿನ ಜಾಗದಲ್ಲಿತ್ತು. ಹೆಚ್ಚಿನ ಸ್ಕೇಟರ್‌ಗಳು ಒಂದು ಜಿಗಿತ ಮುಗಿಸಿ ಮುಂದಿನದಕ್ಕೆ ವೇಗ ಕೂಡಿಸಿಕೊಳ್ಳುವಾಗ ಅವರ ಮುಖದಲ್ಲಿ ಲೆಕ್ಕಾಚಾರ ಕಾಣಿಸುತ್ತದೆ. ಕೈಗಳು ಸುಮ್ಮನೆ ಸಮತೋಲನಕ್ಕಾಗಿ ಇರುತ್ತವೆ. ಒಕ್ಸಾನಾಳ ಕೈ ಎಂದೂ ಖಾಲಿ ಇರುತ್ತಿರಲಿಲ್ಲ. ಭುಜದಿಂದ ಹೊರಟ ಚಲನೆ ಬೆರಳ ತುದಿಯವರೆಗೆ ಹೋಗಿ ಮುಗಿಯುತ್ತಿತ್ತು, ಅರ್ಧದಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಕ್ಕೆ ಬಾಗಿ, ಮೇಲೆತ್ತಿದ ಕಾಲನ್ನು ಕೈಯಲ್ಲಿ ಹಿಡಿದು ದೇಹವನ್ನೇ ಬಳೆಯಾಗಿಸಿ ಸುತ್ತುವ ಒಂದು ಸುತ್ತು ಅವಳದೇ ಎಂಬಷ್ಟು ಹೆಸರಾಯಿತು. ಚೈಕೋವ್‌ಸ್ಕಿಯ ಹಂಸದ ಬ್ಯಾಲೆ ಸಂಗೀತಕ್ಕೆ ಕಪ್ಪು ಉಡುಪಿನಲ್ಲಿ ಅವಳು ಮಾಡಿದ ಕಿರು ಪ್ರದರ್ಶನವನ್ನು ನೋಡಿ. ಎರಡು ನಿಮಿಷ ನಲವತ್ತು ಸೆಕೆಂಡಿನಲ್ಲಿ ಕಡ್ಡಾಯ ಅಂಶಗಳನ್ನೆಲ್ಲ ಮುಗಿಸಬೇಕು. ಅವಳು ಅವುಗಳನ್ನು ಸಂಗೀತದ ಒಳಗೇ ಮುಚ್ಚಿಟ್ಟುಬಿಡುತ್ತಾಳೆ. ಜಿಗಿತ ಬಂತು ಎಂದು ಗೊತ್ತಾಗುವುದು ಅದು ಆಗಿ ಮುಗಿದ ಮೇಲೆ.

ಭರತನಾಟ್ಯ ನೋಡುವವರಿಗೆ ಇದನ್ನು ಹೇಳುವುದು ಸುಲಭ. ನೃತ್ತದಲ್ಲಿ ಜತಿಗಳು ಎಷ್ಟೇ ಚುರುಕಾಗಿದ್ದರೂ ಅಭಿನಯದ ಹೊತ್ತಿಗೆ ಕಣ್ಣು ಖಾಲಿಯಾದರೆ ಸಭೆ ಕೈಬಿಟ್ಟುಹೋಗುತ್ತದೆ. ಒಕ್ಸಾನಾ ಎರಡನ್ನೂ ಬೇರೆ ಬೇರೆ ಎಂದು ಎಣಿಸಲೇ ಇಲ್ಲ.

ಈಗ 1994ರ ಫೆಬ್ರುವರಿ. ಲಿಲ್ಲೆಹಾಮರ್ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್ ನಡೆದದ್ದು ಪಕ್ಕದ ಹಮಾರ್ ಪಟ್ಟಣದಲ್ಲಿ. ಇಡೀ ಜಗತ್ತಿನ ಕ್ಯಾಮೆರಾಗಳು ಅಲ್ಲಿಗೆ ಬಂದದ್ದು ಒಕ್ಸಾನಾಗಾಗಿ ಅಲ್ಲ. ಜನವರಿ 6ರಂದು ಡೆಟ್ರಾಯಿಟ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯ ಅಭ್ಯಾಸ ಮುಗಿಸಿ ಹೊರಬರುತ್ತಿದ್ದ ಕೆರಿಗನ್ ಅವರ ಕಾಲಿಗೆ ಒಬ್ಬ ದುಷ್ಕರ್ಮಿ ಕೋಲಿನಿಂದ ಹೊಡೆದಿದ್ದ. ಆ ಸಂಚಿನ ಹಿಂದೆ ಇದ್ದದ್ದು ಪ್ರತಿಸ್ಪರ್ಧಿ ಟೋನ್ಯಾ ಹಾರ್ಡಿಂಗ್ ಅವರ ಮಾಜಿ ಗಂಡ ಮತ್ತು ಅವನ ಸಂಗಡಿಗರು. ಇಬ್ಬರೂ ಮಹಿಳೆಯರು ಒಂದೇ ತಂಡದಲ್ಲಿ ಹಮಾರ್‌ಗೆ ಬಂದಿದ್ದರು. ಆ ಗದ್ದಲದಲ್ಲಿ ಹಾಲಿ ವಿಶ್ವ ಚಾಂಪಿಯನ್ ಯಾರೆಂದು ಕೇಳುವವರೇ ಇರಲಿಲ್ಲ. ಕೆರಿಗನ್ ಅವರ ಬಗ್ಗೆ ನನಗೆ ಗೌರವವಿದೆ. ಏಳು ವಾರಗಳ ಹಿಂದೆ ಏಟು ತಿಂದ ಕಾಲಿನಲ್ಲಿ, ಪ್ರಾಗ್‌ನಲ್ಲಿ ಕುಸಿದ ನೆನಪನ್ನೂ ಹೊತ್ತುಕೊಂಡು, ಅವರು ತಮ್ಮ ಜೀವನದ ಶ್ರೇಷ್ಠ ಪ್ರದರ್ಶನ ಕೊಟ್ಟರು.

ಫೆಬ್ರುವರಿ 23ರ ಕಿರು ಪ್ರದರ್ಶನದಲ್ಲಿ ಕೆರಿಗನ್ ಮೊದಲು, ಒಕ್ಸಾನಾ ಎರಡನೆಯವಳು, ಬೊನಾಲಿ ಮೂರನೆಯವರು. ಮರುದಿನ ಅಭ್ಯಾಸ. ಹಿಮ್ಮುಖವಾಗಿ ವೇಗ ಕೂಡಿಸಿಕೊಳ್ಳುತ್ತಿದ್ದ ಒಕ್ಸಾನಾ ಮತ್ತು ಜರ್ಮನಿಯ ತಾನ್ಯಾ ಷೆವ್‌ಚೆಂಕೊ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒಕ್ಸಾನಾಳ ಬಲಗಾಲಿನ ಮುಂಗಾಲು ಬ್ಲೇಡಿಗೆ ಸಿಕ್ಕಿ ಸೀಳಿತು, ಮೂರು ಹೊಲಿಗೆ ಬಿದ್ದವು. ಕಾಲಿಗಿಂತ ಹೆಚ್ಚು ಕಾಡಿದ್ದು ಉಳುಕಿದ ಬೆನ್ನು. ಮುಕ್ತ ಪ್ರದರ್ಶನದ ದಿನ ಒಲಿಂಪಿಕ್ ನಿಯಮ ಒಪ್ಪಿದ ಎರಡು ನೋವು ನಿವಾರಕ ಚುಚ್ಚುಮದ್ದು ತೆಗೆದುಕೊಂಡು ಅವಳು ಮಂಜಿಗಿಳಿದಳು.

ಕೆರಿಗನ್ ಆಗಲೇ ಮುಗಿಸಿ ಕುಳಿತಿದ್ದರು. ಯೋಜಿಸಿದ್ದ ಮೊದಲ ಟ್ರಿಪಲ್ ಫ್ಲಿಪ್ ಡಬಲ್ ಆಯಿತು, ಅದೊಂದನ್ನು ಬಿಟ್ಟರೆ ದೋಷವೇ ಇಲ್ಲ ಎನ್ನಬಹುದಾದ ಪ್ರದರ್ಶನ. ಹಲ್ಲು ಊರಿ ಹಾರುವ ಇನ್ನೊಂದು ಜಿಗಿತವಾದ ಟೋ ಲೂಪ್‌ನ ಟ್ರಿಪಲ್ ಜೋಡಿಯೂ ಸೇರಿತ್ತು. ಒಕ್ಸಾನಾ ಆಯ್ದುಕೊಂಡಿದ್ದು ಬ್ರಾಡ್‌ವೇ ನಾಟಕಗಳ ಹಾಡುಗಳ ಮಾಲೆ. ಫ್ಲಿಪ್‌ನಿಂದ ಇಳಿಯುವಾಗ ಎರಡನೇ ಕಾಲೂ ಮಂಜಿಗೆ ತಾಗಿತು. ಮಾಡಬೇಕಾಗಿದ್ದ ಜೋಡಿ ಜಿಗಿತ ತಪ್ಪಿಹೋಯಿತು. ಮುಂದೇನಾಯಿತು ಎಂಬುದು ನನ್ನ ದೃಷ್ಟಿಯಲ್ಲಿ ಆ ರಾತ್ರಿಯ ಸಾರ. ಕಾರ್ಯಕ್ರಮ ಮುಗಿಯುತ್ತ ಬಂದಿದೆ, ಉಸಿರು ಕಟ್ಟಿದೆ, ಬೆನ್ನು ನೋಯುತ್ತಿದೆ. ತಾನು ಬಿಟ್ಟದ್ದೇನು ಎಂಬ ಲೆಕ್ಕ ಆ ಹುಡುಗಿಯ ತಲೆಯಲ್ಲಿ ಓಡುತ್ತಿದೆ. ಅವಳು ಯೋಜನೆಯಲ್ಲಿಲ್ಲದ ಒಂದು ಟ್ರಿಪಲ್ ಟೋ ಲೂಪ್ ಸೇರಿಸಿದಳು. ಕಡೆಯ ಸೆಕೆಂಡುಗಳಲ್ಲಿ ಡಬಲ್ ಆಕ್ಸೆಲ್‌ಗೆ ಡಬಲ್ ಟೋ ಲೂಪ್ ಜೋಡಿಸಿ ಸಂಗೀತದೊಂದಿಗೇ ನಿಂತಳು. ಆ ಹೊತ್ತಿನಲ್ಲೂ ಮುಖದ ನಗೆ ಮಾಸಲಿಲ್ಲ. ಮಂಜು ಬಿಟ್ಟು ಹೊರಬಂದ ಮೇಲೆ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. ಅಳುವಾಗ ಅವಳನ್ನು ಹಿಡಿದುಕೊಂಡಿದ್ದವರು ಜ್ಮಿಯೆವ್‌ಸ್ಕಾಯಾ.

ತೀರ್ಪಿನ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮೂವತ್ತು ವರ್ಷ ಕಳೆದರೂ ಜಗಳ ಮುಗಿದಿಲ್ಲ. ಆಗಿನ ಪದ್ಧತಿಯಲ್ಲಿ ಒಂಬತ್ತು ತೀರ್ಪುಗಾರರು ತಲಾ ಎರಡು ಅಂಕ ಕೊಡುತ್ತಿದ್ದರು, ಒಂದು ತಾಂತ್ರಿಕತೆಗೆ, ಇನ್ನೊಂದು ಕಲಾತ್ಮಕತೆಗೆ. ಪ್ರತಿಯೊಂದಕ್ಕೂ ಗರಿಷ್ಠ 6.0. ಆದರೆ ಒಂಬತ್ತೂ ಜನರ ಅಂಕಗಳನ್ನು ಕೂಡಿ ವಿಜೇತರನ್ನು ನಿರ್ಧರಿಸುತ್ತಿರಲಿಲ್ಲ. ಪ್ರತಿ ತೀರ್ಪುಗಾರನ ಎರಡು ಅಂಕಗಳ ಮೊತ್ತದಿಂದ ಅವನ ಪಟ್ಟಿಯಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂದು ತಿಳಿಯುತ್ತಿತ್ತು. ಹೆಚ್ಚು ಪಟ್ಟಿಗಳಲ್ಲಿ ಮೊದಲು ನಿಂತವರು ಆ ಸುತ್ತಿನ ವಿಜೇತರು. ಕಿರು ಪ್ರದರ್ಶನದ ಸ್ಥಾನಕ್ಕೆ ಅರ್ಧ ತೂಕ, ಮುಕ್ತ ಪ್ರದರ್ಶನದ ಸ್ಥಾನಕ್ಕೆ ಪೂರ್ತಿ ತೂಕ. ಮೊದಲ ಎರಡು ಸ್ಥಾನಗಳಲ್ಲಿದ್ದ ಕೆರಿಗನ್ ಮತ್ತು ಒಕ್ಸಾನಾ ಇಬ್ಬರಲ್ಲಿ ಮುಕ್ತ ಪ್ರದರ್ಶನ ಗೆದ್ದವರಿಗೇ ಚಿನ್ನ.

ನಾಲ್ವರು ಕೆರಿಗನ್ ಪರ, ನಾಲ್ವರು ಒಕ್ಸಾನಾ ಪರ. ಒಂಬತ್ತನೆಯವರು ಜರ್ಮನಿಯ ಯಾನ್ ಹಾಫ್‌ಮನ್, ಸ್ವತಃ ಎರಡು ಸಲ ವಿಶ್ವ ಚಾಂಪಿಯನ್, 1980ರ ಒಲಿಂಪಿಕ್ ಬೆಳ್ಳಿ ವಿಜೇತ. ಅವರ ಪಟ್ಟಿಯಲ್ಲಿ ಇಬ್ಬರ ಮೊತ್ತವೂ ಸಮವಾಗಿತ್ತು. ಮುಕ್ತ ಪ್ರದರ್ಶನದಲ್ಲಿ ಮೊತ್ತ ಸಮವಾದರೆ ಕಲಾತ್ಮಕ ಅಂಕ ನೋಡಬೇಕೆಂಬುದು ನಿಯಮ. ಆ ಅಂಕದಲ್ಲಿ ಒಕ್ಸಾನಾ 0.1 ಮುಂದಿದ್ದಳು. ಐದು ನಾಲ್ಕರ ತೀರ್ಪು.

ಇದು ಅನ್ಯಾಯ ಎನ್ನುವವರ ವಾದ ನನಗೆ ಗೊತ್ತು: ಕೆರಿಗನ್ ಜಿಗಿತಗಳು ಕಷ್ಟದವು, ಸ್ವಚ್ಛವಾದವು. ಒಪ್ಪುತ್ತೇನೆ. ತಾಂತ್ರಿಕ ಅಂಕವನ್ನು ನಾನು ಕೊಡಬೇಕಾಗಿದ್ದರೆ ಕೆರಿಗನ್‌ಗೇ ಹೆಚ್ಚು ಕೊಡುತ್ತಿದ್ದೆ. ಹಾಫ್‌ಮನ್ ಅವರೂ ಕೊಟ್ಟದ್ದು ಹಾಗೆಯೇ, ಇಲ್ಲವಾದರೆ ಮೊತ್ತ ಸಮವಾಗುತ್ತಿರಲಿಲ್ಲ. ಆದರೆ ನಿಯಮ ಪುಸ್ತಕದಲ್ಲಿ ಎರಡನೇ ಅಂಕಕ್ಕೆ ಮೊದಲನೆಯದರಷ್ಟೇ ತೂಕವಿತ್ತು, ಸಮವಾದಾಗ ಅದಕ್ಕೇ ಹೆಚ್ಚು ತೂಕವಿತ್ತು. ಆ ಎರಡನೇ ಅಂಕಕ್ಕೆ ಅಂದು ಒಕ್ಸಾನಾಳಿಗಿಂತ ಅರ್ಹರು ಆ ರಿಂಕ್‌ನಲ್ಲಿ ಇರಲಿಲ್ಲ. ಸೋವಿಯತ್ ಪ್ರಭಾವದಲ್ಲಿದ್ದ ಹಳೆಯ ಪೂರ್ವ ಬಣದ ದೇಶಗಳು ಅವಳ ಪರ ನಿಂತವು ಎಂಬ ಮಾತೂ ಇದೆ. ಸೋವಿಯತ್ ಒಕ್ಕೂಟ ಹೋಗಿ ಎರಡು ವರ್ಷವಾಗಿತ್ತು, ಉಕ್ರೇನಿಗಾಗಿ ಒಳಗೊಳಗೇ ಮತ ಕೊಡಿಸುವಷ್ಟು ಶಕ್ತಿ ಆ ಬಡ ಹೊಸ ದೇಶಕ್ಕೆ ಎಲ್ಲಿಂದ ಬರಬೇಕು? 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ತೀರ್ಪು ಹಗರಣದ ನಂತರ 6.0 ಪದ್ಧತಿಯನ್ನೇ ಕೈಬಿಟ್ಟರು. ಈಗ ಪ್ರತಿ ಜಿಗಿತಕ್ಕೂ, ಪ್ರತಿ ಸುತ್ತಿಗೂ ಬೆಲೆ ನಿಗದಿಯಾಗಿದೆ. ಹೊಸ ಪದ್ಧತಿಯಲ್ಲಿ ಅಂದಿನ ಒಕ್ಸಾನಾ ಗೆಲ್ಲುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಅದು ಹೊಸ ಪದ್ಧತಿಯ ಕೊರತೆ ಎಂದೂ ನನ್ನ ಅಭಿಪ್ರಾಯ.

ಪದಕ ಪ್ರದಾನ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ತಡವಾಯಿತು. ಸಂಘಟಕರ ಕೈಗೆ ಉಕ್ರೇನಿನ ರಾಷ್ಟ್ರಗೀತೆಯ ಧ್ವನಿಮುದ್ರಿಕೆ ಸಿಗಲಿಲ್ಲ. ಸ್ವತಂತ್ರ ಉಕ್ರೇನ್ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದದ್ದು ಅದೇ ಮೊದಲು. ಎರಡು ದಿನಗಳ ಹಿಂದೆ ಸ್ಕೀಯಿಂಗ್ ಮತ್ತು ಗುರಿ ಹೊಡೆಯುವುದು ಸೇರಿದ ಬಯಾಥ್ಲಾನ್‌ನಲ್ಲಿ ವಲೆಂಟೀನಾ ತ್ಸೆರ್ಬೆ ಆ ದೇಶದ ಮೊದಲ ಪದಕವನ್ನು, ಒಂದು ಕಂಚನ್ನು, ಗೆದ್ದಿದ್ದರು. ಕಂಚಿಗೆ ರಾಷ್ಟ್ರಗೀತೆ ನುಡಿಸುವುದಿಲ್ಲ. ಒಕ್ಸಾನಾಳ ಚಿನ್ನಕ್ಕೆ ನುಡಿಸಲೇಬೇಕಾಯಿತು. ಕಡೆಗೂ ಗೀತೆ ಸಿಕ್ಕಿತು, ಬಾವುಟ ಏರಿತು. ಒಡೆಸ್ಸಾದ ಪೆಟ್ರೆಂಕೊಗೆ ಎರಡು ವರ್ಷಗಳ ಹಿಂದೆ ಸಿಗದೆ ಹೋದದ್ದು ಅದೇ ಮನೆಯ ಸಾಕುಮಗಳಿಗೆ ಸಿಕ್ಕಿತು. ಪೆಟ್ರೆಂಕೊ ಕೂಡ ಆ ಸಲ ಉಕ್ರೇನಿನ ಹೆಸರಿನಲ್ಲಿ ಮರಳಿ ಸ್ಪರ್ಧಿಸಿದ್ದರು. ಕಿರು ಪ್ರದರ್ಶನದಲ್ಲಿ ಒಂಬತ್ತನೆಯವರಾಗಿ, ನಾಲ್ಕನೇ ಸ್ಥಾನದವರೆಗೆ ಏರಿ ನಿಂತರು.

ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಉಕ್ರೇನಿಗೆ ಮುಂದಿನ ಚಿನ್ನ ಸಿಗಲು ಇಪ್ಪತ್ತು ವರ್ಷ ಬೇಕಾಯಿತು. 2014ರಲ್ಲಿ ಸೋಚಿಯಲ್ಲಿ, ಮಹಿಳೆಯರ ಬಯಾಥ್ಲಾನ್ ರಿಲೇಯಲ್ಲಿ.

ಇನ್ನು ಗೆಲುವಿನ ನಂತರದ ಮಾತು. ಆ ಮನೆ ಒಡೆಸ್ಸಾದಲ್ಲಿ ಉಳಿಯಲಿಲ್ಲ. ಜ್ಮಿಯೆವ್‌ಸ್ಕಾಯಾ, ಪೆಟ್ರೆಂಕೊ, ಒಕ್ಸಾನಾ ಎಲ್ಲರೂ 1994ರಲ್ಲೇ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸಿಮ್ಸ್‌ಬರಿ ಪಟ್ಟಣಕ್ಕೆ ಹೋದರು. ಅಲ್ಲಿ ಹೊಸ ಸ್ಕೇಟಿಂಗ್ ಕೇಂದ್ರ ಕಾದಿತ್ತು. ಒಕ್ಸಾನಾ ಮಾರ್ಚ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗದೆ ವೃತ್ತಿಪರ ಸ್ಕೇಟರ್ ಆದಳು. ದೇಶದಿಂದ ದೇಶಕ್ಕೆ ಪ್ರದರ್ಶನ, ಒಪ್ಪಂದದ ಹಣ, ಮೊಣಕಾಲಿನ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ಹಿಂದೆ ಹಂಚಿಕೊಂಡ ಕೋಣೆಯಲ್ಲಿ ಮಲಗುತ್ತಿದ್ದ ಹುಡುಗಿಗೆ ಏಕಾಏಕಿ ಸ್ವಂತ ಮನೆ, ಸ್ವಂತ ಕಾರು. ಅವಳಿಗೆ 'ಬೇಡ' ಎನ್ನುವ ಹಕ್ಕು ಯಾರಿಗೂ ಉಳಿಯಲಿಲ್ಲ. ಇದನ್ನು ಸ್ವಾತಂತ್ರ್ಯ ಎಂದು ಕರೆದರು. ಹದಿನಾರು ವರ್ಷದ ತಬ್ಬಲಿಯ ಕೈಗೆ ಅದನ್ನು ಕೊಟ್ಟವರ ಮೇಲೆ ನನಗೆ ಸಿಟ್ಟಿದೆ. ಕುಡಿತ ಅಂಟಿಕೊಂಡಿತು. 1997ರ ಜನವರಿಯಲ್ಲಿ ಕುಡಿದು ಕಾರು ಓಡಿಸುವಾಗ ರಸ್ತೆ ಬಿಟ್ಟು ಮರಕ್ಕೆ ಗುದ್ದಿದರು. ವಯಸ್ಸು ಹತ್ತೊಂಬತ್ತು. ಅದೇ ವರ್ಷ ಜ್ಮಿಯೆವ್‌ಸ್ಕಾಯಾ ಮತ್ತು ಅವರು ಬೇರೆಯಾದರು. 1998ರಲ್ಲಿ ಚಿಕಿತ್ಸಾ ಕೇಂದ್ರ ಸೇರಿ ಕುಡಿತದಿಂದ ಹೊರಬಂದರು. ಆ ಹೋರಾಟದ ಬಗ್ಗೆ ಅವರೇ ಸಾರ್ವಜನಿಕವಾಗಿ ಮಾತನಾಡಿದ್ದಾರೆ. ಎಷ್ಟೋ ವರ್ಷ ಕಾಣದ ತಂದೆಯನ್ನು 2003ರಲ್ಲಿ ಉಕ್ರೇನಿನಲ್ಲಿ ಹುಡುಕಿ ಭೇಟಿಯಾದರು. ನಂತರ ಮದುವೆಯಾಯಿತು, ಮಗಳಾದಳು. ಆ ಖಾಸಗಿ ಬದುಕಿನೊಳಕ್ಕೆ ನಾನು ಹೋಗುವುದಿಲ್ಲ.

1998ರ ನಾಗಾನೊ ಒಲಿಂಪಿಕ್ಸ್ ನಡೆದಾಗ ಒಕ್ಸಾನಾಗೆ ಇಪ್ಪತ್ತು ವರ್ಷ. ಕೆರಿಗನ್ ತಮ್ಮ ಬೆಳ್ಳಿ ಗೆದ್ದದ್ದು ಇಪ್ಪತ್ತನಾಲ್ಕರಲ್ಲಿ.

ಒಡೆಸ್ಸಾದಲ್ಲಿ ಉಳಿದದ್ದೇನು? 1996ರಲ್ಲಿ ಅದೇ ನಗರದ ವ್ಯಾಚೆಸ್ಲಾವ್ ಜಹೊರೊಡ್ನ್ಯುಕ್ ಯುರೋಪಿಯನ್ ಚಾಂಪಿಯನ್ ಆದರು. 2006ರಲ್ಲಿ ಟ್ಯುರಿನ್‌ನಲ್ಲಿ ಎಲೆನಾ ಗ್ರುಷಿನಾ ಮತ್ತು ಒಡೆಸ್ಸಾದ ರುಸ್ಲಾನ್ ಗೊಂಚಾರೊವ್ ಐಸ್ ಡಾನ್ಸ್‌ನಲ್ಲಿ ಒಲಿಂಪಿಕ್ ಕಂಚು ತಂದರು. ಮಹಿಳೆಯರ ಏಕವ್ಯಕ್ತಿ ವಿಭಾಗದಲ್ಲಿ ಒಕ್ಸಾನಾ ನಂತರ ಉಕ್ರೇನಿಗೆ ಒಲಿಂಪಿಕ್ ಪದಕ ಬಂದಿಲ್ಲ. ಪ್ರತಿಭೆ ಬತ್ತಿಲ್ಲ ಎಂಬುದಕ್ಕೆ ಆರಂಭದಲ್ಲಿ ಹೇಳಿದ ಇನ್ನೆರಡು ಹೆಸರುಗಳೇ ಸಾಕ್ಷಿ. ರಿಂಕ್ ನಡೆಸಲು ವಿದ್ಯುತ್ ಬೇಕು, ತರಬೇತುದಾರನಿಗೆ ಸಂಬಳ ಬೇಕು, ಜೋಡಿಯಾಗಿ ಆಡುವವರಿಗೆ ತಕ್ಕ ಜೊತೆಗಾರ ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಇಪ್ಪತ್ತು ದಾಟಿದ ಸ್ಕೇಟರ್ ಪಾಸ್‌ಪೋರ್ಟ್ ಬದಲಿಸುವ ಯೋಚನೆ ಮಾಡುತ್ತಾನೆ. ಎಲ್ಲರ ಬೆನ್ನಿಗೂ ಒಬ್ಬ ಜ್ಮಿಯೆವ್‌ಸ್ಕಾಯಾ ಇರುವುದಿಲ್ಲ.

2014ರಿಂದ ಇದಕ್ಕೆ ಯುದ್ಧ ಸೇರಿತು. ದೊನೆತ್ಸ್ಕ್‌ನ 'ದ್ರುಝ್ಬಾ' ಐಸ್ ಅರೀನಾವನ್ನು ಆ ವರ್ಷದ ಮೇ ತಿಂಗಳಲ್ಲಿ ಸುಟ್ಟರು. 2022ರ ಫೆಬ್ರುವರಿಯಲ್ಲಿ ರಷ್ಯಾ ಪೂರ್ಣ ಪ್ರಮಾಣದ ದಾಳಿ ಮಾಡಿತು. ಮುಂದಿನ ತಿಂಗಳು ಫ್ರಾನ್ಸಿನ ಮೋಂಪೆಲಿಯೆ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ, ಖಾರ್ಕಿವ್‌ನ ಒಲೆಕ್ಸಾಂದ್ರಾ ನಜಾರೊವಾ ಮತ್ತು ಮಕ್ಸಿಮ್ ನಿಕಿತಿನ್ ಸ್ಪರ್ಧಾ ಉಡುಪು ಬಿಟ್ಟು ನೀಲಿ ಹಳದಿ ಅಂಗಿ ತೊಟ್ಟು ಉಕ್ರೇನಿಯನ್ ಸಂಗೀತಕ್ಕೆ ಸ್ಕೇಟ್ ಮಾಡಿದರು, ನಂತರ ಸ್ಪರ್ಧೆಯಿಂದ ಹಿಂದೆ ಸರಿದರು. 2023ರ ಜನವರಿಯಲ್ಲಿ ದ್ಮಿತ್ರೊ ಶಾರ್ಪಾರ್ ಬಖ್ಮುತ್ ಬಳಿ ಹೋರಾಡುತ್ತ ಸತ್ತರು. 2016ರ ಯುವ ಒಲಿಂಪಿಕ್ಸ್‌ನಲ್ಲಿ ಉಕ್ರೇನಿಗಾಗಿ ಜೋಡಿ ಸ್ಕೇಟಿಂಗ್‌ನಲ್ಲಿ ಸ್ಪರ್ಧಿಸಿದ್ದ ಅವರಿಗೆ ಆಗ ಇಪ್ಪತ್ತೈದು ವರ್ಷ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದರು, ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಪೆಟ್ರೆಂಕೊ ಅವರನ್ನು ಇಷ್ಟು ಹೊಗಳಬೇಕೇ ಎಂಬುದು ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಚೆರ್ನೋಬಿಲ್ ದುರಂತದ ಪರಿಣಾಮ ಅನುಭವಿಸುತ್ತಿದ್ದ ಮಕ್ಕಳಿಗಾಗಿ ಅಮೆರಿಕದಲ್ಲಿ ಪ್ರದರ್ಶನ ಏರ್ಪಡಿಸಿ, ಒಡೆಸ್ಸಾದ ನವಜಾತ ಶಿಶುಗಳ ಚಿಕಿತ್ಸೆಗೆ ಹಣ ಕೂಡಿಸಿದ ಅದೇ ಪೆಟ್ರೆಂಕೊ, 2022ರ ಬೇಸಿಗೆಯಲ್ಲಿ, ಒಡೆಸ್ಸಾದ ಮೇಲೆ ಕ್ಷಿಪಣಿಗಳು ಬೀಳುತ್ತಿದ್ದಾಗ, ರಷ್ಯಾದ ಸೋಚಿಯಲ್ಲಿ ತತಿಯಾನಾ ನಾವ್ಕಾ ಅವರ ಐಸ್ ಪ್ರದರ್ಶನದಲ್ಲಿ ಭಾಗವಹಿಸಿದರು. ನಾವ್ಕಾ ಅವರ ಪತಿ ರಷ್ಯಾ ಅಧ್ಯಕ್ಷರ ವಕ್ತಾರ. ಉಕ್ರೇನಿನ ಸ್ಕೇಟಿಂಗ್ ಒಕ್ಕೂಟ ಪೆಟ್ರೆಂಕೊ ಅವರನ್ನು ಉಪಾಧ್ಯಕ್ಷ ಸ್ಥಾನದಿಂದ ಇಳಿಸಿ ಹೊರಹಾಕಿತು. ಪೆಟ್ರೆಂಕೊಗೆ ಸಿಗುತ್ತಿದ್ದ ಸರ್ಕಾರಿ ಗೌರವಧನವನ್ನು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ರದ್ದು ಮಾಡಿದರು. ಆ ನಿರ್ಧಾರಗಳು ಸರಿ ಎಂದೇ ನಾನು ನಂಬುತ್ತೇನೆ, ಅದನ್ನು ಆ ಸಭಿಕರಿಗೂ ಹೇಳಿದೆ. ಅವರು ಮತ್ತೆ ಕೇಳಿದರು: ಹಾಗಿದ್ದರೆ ಒಕ್ಸಾನಾ ಕಥೆಯನ್ನು ಆ ಹೆಸರಿಲ್ಲದೆ ಹೇಳಬಹುದಲ್ಲ? ಹೇಳಲಾಗುವುದಿಲ್ಲ. 1992ರಲ್ಲಿ ಅವಳ ಸ್ಕೇಟ್‌ಗೆ ಹಣ ಕೊಟ್ಟವರು ಅವರು.